ಪೇಲವ ಇಲಿಯ ಮಹಾಧಮನಿ

ಬ್ಲಾಚಿ ಅಂತ ಒಂದು ಜಾತಿಯ ಲ್ಯಾಬ್ ಇಲಿ ಇದೆ. ಗಂಡಾದರೆ ಮೈಬಣ್ಣ ಪೇಲವ, ಮೀಸೆ ಸುರುಟಿಕೊಂಡಿರುತ್ತದೆ. ತಿಂದುಂಡು ಓಡಾಡಿಕೊಂಡಿದ್ದದ್ದು ಒಂದು ದಿನ ಇದ್ದಕ್ಕಿದ್ದಂತೆ ಸತ್ತು ಬಿದ್ದಿರುತ್ತದೆ. ಎದೆ ಸೀಳಿ ನೋಡಿದರೆ ಒಳಗೆಲ್ಲ ರಕ್ತ. ಹೃದಯದಿಂದ ಹೊರಡುವ ಮಹಾಧಮನಿ ಊದಿಕೊಂಡು ಒಡೆದಿರುತ್ತದೆ.

ಮೀಸೆಗೂ ಮಹಾಧಮನಿಗೂ ಏನು ಸಂಬಂಧ ಅಂತೀರಾ? ತಾಮ್ರ.

ರಕ್ತನಾಳದ ಗೋಡೆಯಲ್ಲಿ ಎಲಾಸ್ಟಿನ್, ಕೊಲಾಜೆನ್ ಎಂಬ ಎಳೆಗಳಿವೆ. ಒಂದು ಹಿಗ್ಗಿ ಕುಗ್ಗುತ್ತದೆ, ಇನ್ನೊಂದು ಹರಿಯದಂತೆ ತಡೆಯುತ್ತದೆ. ಎಳೆಗಳಿದ್ದರೆ ಸಾಲದು, ಒಂದಕ್ಕೊಂದು ಕಟ್ಟು ಬೀಳಬೇಕು. ಮಂಡ್ಯದ ಕಡೆ ಗಾಡಿಗೆ ಕಬ್ಬು ಹೇರಿದವರಿಗೆ ಇದು ಗೊತ್ತು: ಹಗ್ಗ ಬಿಗಿಯದಿದ್ದರೆ ಮೊದಲ ಹಳ್ಳದಲ್ಲೇ ಜಲ್ಲೆಗಳೆಲ್ಲ ರಸ್ತೆಪಾಲು. ಇಲ್ಲಿ ಹಗ್ಗ ಬಿಗಿಯುವ ಕೆಲಸ ಲೈಸಿಲ್ ಆಕ್ಸಿಡೇಸ್ ಎಂಬ ಕಿಣ್ವದ್ದು. ತಾಮ್ರ ಸಿಗದಿದ್ದರೆ ಅದು ಕೆಲಸಕ್ಕೇ ಇಳಿಯುವುದಿಲ್ಲ. ತುಪ್ಪಳಕ್ಕೆ ಬಣ್ಣ ಕೊಡುವ ಟೈರೋಸಿನೇಸ್‌ಗೂ ತಾಮ್ರವೇ ಬೇಕು. ಹಾಗಾಗಿ ಒಳಗಿನ ಕೊರತೆ ಹೊರಗೂ ಕಾಣುತ್ತದೆ. ಬ್ಲಾಚಿಗೆ ಈ ಕೊರತೆ ಬರುವುದು ಒಂದು ಜೀನ್ ಕೆಟ್ಟಿರುವುದರಿಂದ. ಜೀನ್ ಕೆಡದೆಯೂ ಮಹಾಧಮನಿಗೆ ಈ ಗತಿ ಬರಬಹುದು. ಸ್ವೀಟ್ ಪೀ ಹೂಗಿಡದ ಬೀಜ ತಿನ್ನಿಸಿದ ಇಲಿಗಳಲ್ಲೂ ಮಹಾಧಮನಿ ಒಡೆಯುತ್ತದೆ. ಬೀಜದಲ್ಲಿರುವ ವಿಷ ಇದೇ ಕಿಣ್ವವನ್ನು ತಡೆಯುತ್ತದೆ.

ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ವಾಕಿಂಗ್ ಬರುವವರ ಕೈಯಲ್ಲಿ ಈಗ ತಾಮ್ರದ ಬಾಟಲಿ ಕಾಣುತ್ತದೆ. ಆ ನೀರನ್ನೇ ಇಲಿಗೂ ಕುಡಿಸಬಹುದಲ್ವಾ? ಉಪಯೋಗವಿಲ್ಲ. ತಾಮ್ರ ಕರುಳಿನ ಜೀವಕೋಶದೊಳಕ್ಕೇನೋ ಹೋಗುತ್ತದೆ, ಅಲ್ಲಿಂದ ರಕ್ತಕ್ಕೆ ಸರಿಯಾಗಿ ದಾಟುವುದಿಲ್ಲ. ದಾಟಿಸುವ ಪಂಪೇ ಕೆಟ್ಟಿದೆ. ಆ ಪಂಪಿನ ಜೀನ್ ಎಟಿಪಿ7ಎ.

ಅದು ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ. ಗಂಡಿಗೆ ಎಕ್ಸ್ ಒಂದೇ, ಕೆಟ್ಟರೆ ಬದಲಿ ಇಲ್ಲ. ಹೆಣ್ಣಿಗೆ ಎರಡು. ಒಂದು ಕೆಟ್ಟಿದ್ದರೆ ಅದರ ಮೈಮೇಲೆ ತೇಪೆ ತೇಪೆಯಾಗಿ ಎರಡು ಬಣ್ಣ. ಯಾಕೆಂದರೆ ಹೆಣ್ಣಿನ ಪ್ರತಿ ಜೀವಕೋಶವೂ ಒಂದು ಎಕ್ಸನ್ನು ಮುಚ್ಚಿಟ್ಟುಬಿಡುತ್ತದೆ. ಒಳ್ಳೆಯದು ಮುಚ್ಚಿಹೋದ ಕಡೆ ತುಪ್ಪಳ ಪೇಲವ. 1961ರಲ್ಲಿ ಬ್ರಿಟನ್ನಿನ ವಿಜ್ಞಾನಿ ಮೇರಿ ಲಯನ್ ಇಂಥ ತೇಪೆಗಳನ್ನೂ ಆಧಾರವಾಗಿಟ್ಟುಕೊಂಡೇ ಈ ಮಾತು ಹೇಳಿದ್ದು. ಬರಿಗಣ್ಣಿಗೆ ಕಾಣುವ ಪುರಾವೆ! ನನಗಂತೂ ಈ ಕತೆಯಲ್ಲಿ ತುಂಬಾ ಇಷ್ಟವಾಗುವುದು ಇದೇ.

ಮನುಷ್ಯರಲ್ಲಿ ಇದೇ ಜೀನ್ ಕೆಟ್ಟರೆ ಮೆಂಕಿಸ್ ಕಾಯಿಲೆ ಬರುತ್ತದೆ. ಕೂಸಿನ ಕೂದಲು ಒರಟಾಗಿ ತಿರುಚಿಕೊಂಡಿರುತ್ತದೆ. 1970ರ ದಶಕದಲ್ಲಿ ಆಸ್ಟ್ರೇಲಿಯಾದ ವೈದ್ಯ ಡೇವಿಡ್ ಡ್ಯಾಂಕ್ಸ್‌ಗೆ ಆ ಕೂದಲು ನೋಡಿ ತಾಮ್ರ ಸಾಲದ ಕುರಿಗಳ ಉಣ್ಣೆ ನೆನಪಾಯಿತು. ಉಣ್ಣೆಯ ದೇಶದವರಿಗೇ ಇದು ಹೊಳೆಯಬೇಕು. ನಮ್ಮ ಬನ್ನೂರು ಕುರಿ ನೋಡಿ ಹೊಳೆಯುತ್ತಿರಲಿಲ್ಲ ಬಿಡಿ, ಅದನ್ನು ಸಾಕುವುದೇ ಮಾಂಸಕ್ಕೆ.

ಬ್ರಿಂಡಲ್ಡ್ ಎಂಬ ಇನ್ನೊಂದು ಇಲಿಯಲ್ಲೂ ಕೆಟ್ಟಿರುವುದು ಇದೇ ಜೀನ್. ಅದರ ಗಂಡುಮರಿ ಎರಡು ವಾರ ದಾಟುವುದು ಕಷ್ಟ. ಏಳನೇ ದಿನದ ಹೊತ್ತಿಗೆ ತಾಮ್ರದ ಇಂಜೆಕ್ಷನ್ ಕೊಟ್ಟರೆ ಬದುಕಿಕೊಳ್ಳುತ್ತದೆ. ಮೆಂಕಿಸ್ ಕೂಸುಗಳಿಗೂ ಹುಟ್ಟಿದ ಕೆಲವೇ ದಿನಗಳಲ್ಲಿ ಇಂಜೆಕ್ಷನ್ ಶುರುವಾದರೆ ಕೆಲವರ ಮಿದುಳಿಗೆ ಅನುಕೂಲವಾಗುತ್ತದೆ. ರಕ್ತನಾಳಕ್ಕೆ ಮಾತ್ರ ಅಷ್ಟು ಉಪಯೋಗವಿಲ್ಲ. ಜೀವಕೋಶದೊಳಗೆ ಲೈಸಿಲ್ ಆಕ್ಸಿಡೇಸ್‌ಗೆ ತಾಮ್ರ ತಲುಪಿಸಬೇಕಾದದ್ದೂ ಆ ಕೆಟ್ಟ ಪಂಪೇ.