ವಿಚ್ಛೇದನದ ನಂತರ ಮಗುವಿನ ಫೀ ರಸೀದಿ ಯಾರ ಲೆಕ್ಕಕ್ಕೆ?

ಕೋರ್ಟಿನಲ್ಲಿ ಎಲ್ಲ ಇತ್ಯರ್ಥವಾದ ಮೇಲೂ ಒಂದು ತಕರಾರು ಉಳಿದುಬಿಡುತ್ತದೆ. ಮಗು ಶಾಲೆಯ ದಿನಗಳಲ್ಲಿ ಶಿವಮೊಗ್ಗದಲ್ಲಿ ಅಮ್ಮನ ಜೊತೆ, ರಜೆ ಬಂದರೆ ತೀರ್ಥಹಳ್ಳಿ ಕಡೆ ಅಪ್ಪನ ಮನೆ. ಜುಲೈನಲ್ಲಿ ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಸುವಾಗ ಇಬ್ಬರೂ ಅದೇ ಫೀ ರಸೀದಿಯನ್ನು ಹಿಡಿದು ಬರುತ್ತಾರೆ. “ಸಾರ್, ಮಗು ನನ್ನ ಹತ್ರಾನೇ ಇರೋದು, ವಿನಾಯಿತಿ ನನಗೇ ಬರ್ಬೇಕಲ್ವಾ?” ಎಂದು ತಾಯಂದಿರು ಕೇಳುವುದು ಸಹಜ.

ನಮ್ಮ ಆದಾಯ ತೆರಿಗೆ ಕಾಯ್ದೆ ಮಗು ಯಾರ ಮನೆಯಲ್ಲಿದೆ ಎಂದು ನೋಡಿ ವಿನಾಯಿತಿ ಕೊಡುವುದಿಲ್ಲ. ದುಡ್ಡು ಯಾರು ಕಟ್ಟಿದರು ಎಂದು ನೋಡುತ್ತದೆ. 1961ರ ಕಾಯ್ದೆಯ 80ಸಿ ಕಲಂ ಪ್ರಕಾರ ಇಬ್ಬರು ಮಕ್ಕಳ ಟ್ಯೂಷನ್ ಫೀಯನ್ನು, ಉಳಿದ ಉಳಿತಾಯಗಳೂ ಸೇರಿ 1.5 ಲಕ್ಷ ರೂ. ಮಿತಿಯೊಳಗೆ, ಕಟ್ಟಿದವರು ತೆರಿಗೆಯ ಲೆಕ್ಕದಲ್ಲಿ ತಮ್ಮ ಆದಾಯದಿಂದ ಕಳೆಯಬಹುದು. ಮಿತಿ ತಂದೆಗೆ ಬೇರೆ, ತಾಯಿಗೆ ಬೇರೆ. 1,20,000 ರೂ. ಫೀಯಲ್ಲಿ ಅಪ್ಪ 70,000, ಅಮ್ಮ 50,000 ಕಟ್ಟಿದ್ದರೆ ಅವರವರ ಪಾಲು ಅವರವರಿಗೆ. ರಸೀದಿಯಲ್ಲಿರುವ ಡೆವಲಪ್‌ಮೆಂಟ್ ಫೀ, ಬಸ್ಸಿನ ಹಣ, ಡೊನೇಷನ್ ಲೆಕ್ಕಕ್ಕಿಲ್ಲ.

ಅಪ್ಪ ತಿಂಗಳಾ ತಿಂಗಳಾ ಜೀವನಾಂಶ ಕಳಿಸಿ, ಅಮ್ಮ ಅದರಿಂದಲೇ ಫೀ ಕಟ್ಟಿದರೆ? ಕಟ್ಟಿದವರು ಅಮ್ಮ. ಅಪ್ಪನಿಗೆ ಜೀವನಾಂಶದ ಮೇಲೆ ಯಾವ ಕಡಿತವೂ ಇಲ್ಲ. ಕಡಿತ ಬೇಕಿದ್ದರೆ ಅವರು ತಮ್ಮ ಖಾತೆಯಿಂದ ನೇರವಾಗಿ ಶಾಲೆಗೇ ಕಟ್ಟಬೇಕು. ಆರೋಗ್ಯ ವಿಮೆಯ 80ಡಿ ಕಡಿತಕ್ಕೂ ಪ್ರೀಮಿಯಂ ಕಟ್ಟಿದವರೇ ಹಕ್ಕುದಾರರು, ನಗದು ನಡೆಯದು. ಹಳೆಯ ಪಾಲಿಸಿಯಲ್ಲಿ ಮಾಜಿ ಪತ್ನಿಯ ಹೆಸರೂ ಉಳಿದಿದ್ದರೆ ಅವರ ಪಾಲಿನ ಪ್ರೀಮಿಯಂಗೆ ಕಡಿತ ಕೇಳುವಂತಿಲ್ಲ.

ಇಷ್ಟಕ್ಕೂ ಹೊಸ ತೆರಿಗೆ ಪದ್ಧತಿಯಲ್ಲಿ 80ಸಿ, 80ಡಿ ಎರಡೂ ಇಲ್ಲ. ಇಬ್ಬರೂ ಅದರಲ್ಲಿದ್ದರೆ ರಸೀದಿಗಾಗಿ ಜಗಳವಾಡಿ ಮನಸ್ಸು ಕೆಡಿಸಿಕೊಳ್ಳುವುದೇ ವ್ಯರ್ಥ.

ನಮ್ಮ ಮಲೆನಾಡಿನಲ್ಲಿ ನಿಜವಾಗಿ ಪೆಟ್ಟು ಕೊಡುವುದು ಬೇರೆ. ಅಡಿಕೆ ಮಾರಿದ ದುಡ್ಡಿನಲ್ಲಿ ಅಜ್ಜ ಮೊಮ್ಮಗಳ ಹೆಸರಿಗೆ ಎಫ್‌ಡಿ ಇಟ್ಟಿರುತ್ತಾರೆ. ಅಜ್ಜನ ಉಡುಗೊರೆಗೆ ತೆರಿಗೆ ಇಲ್ಲ, ಆದರೆ ಬಡ್ಡಿಗೆ ಇದೆ. ಮದುವೆ ಉಳಿದಿದ್ದಾಗ ಮೈನರ್ ಮಗುವಿನ ಇಂಥ ಆದಾಯ ತಂದೆ-ತಾಯಿಯಲ್ಲಿ ಹೆಚ್ಚು ಆದಾಯವಿರುವವರ ತೆರಿಗೆ ಲೆಕ್ಕಕ್ಕೆ ಸೇರುತ್ತದೆ. ಮದುವೆ ಮುರಿದ ಮೇಲೆ, 64(1ಎ) ಕಲಂ ಪ್ರಕಾರ, ಆ ವರ್ಷ ಮಗುವನ್ನು ಸಾಕುತ್ತಿರುವವರ ಲೆಕ್ಕಕ್ಕೆ ಸೇರುತ್ತದೆ. ಅಪ್ಪ ಹಣ ಕೊಡುತ್ತಾರೆ, ಅಮ್ಮ ಜೊತೆಯಲ್ಲಿಟ್ಟುಕೊಂಡು ನೋಡಿಕೊಳ್ಳುತ್ತಾರೆ, ಸಾಕುವವರು ಯಾರು? ದಿನ ಎಣಿಸಿ ಹೇಳುವ ಸೂತ್ರ ಕಾಯ್ದೆಯಲ್ಲಿಲ್ಲ. ಅಲ್ಲದೆ ಒಮ್ಮೆ ಒಬ್ಬರ ಲೆಕ್ಕಕ್ಕೆ ಸೇರಿದ್ದನ್ನು ಮುಂದಿನ ವರ್ಷ ಇನ್ನೊಬ್ಬರಿಗೆ ಹೊರಿಸಬೇಕಾದರೆ, ತೆರಿಗೆ ಅಧಿಕಾರಿ ಆ ಇನ್ನೊಬ್ಬರ ಮಾತು ಕೇಳಿ, ತಮಗೆ ಮನವರಿಕೆಯಾದ ಮೇಲಷ್ಟೇ ಮಾಡಬಹುದು. ಹೀಗಾಗಿ ಮೊದಲ ವರ್ಷವೇ ಯೋಚಿಸಿ ತೋರಿಸಿ.

ಇದರೊಳಗೇ ಇನ್ನೊಂದು ಗಂಟಿದೆ. ಎಫ್‌ಡಿ ಮಾಡಿಸುವಾಗ ಗಾರ್ಡಿಯನ್ ಆಗಿ ಸಹಿ ಹಾಕಿದವರು ಅಪ್ಪ, ಬ್ಯಾಂಕಿನಲ್ಲಿರುವುದು ಅವರ ಪ್ಯಾನ್. ಬಡ್ಡಿಯಿಂದ ಬ್ಯಾಂಕು ಮೊದಲೇ ಹಿಡಿದ ತೆರಿಗೆ, ಅಂದರೆ ಟಿಡಿಎಸ್, ಅಪ್ಪನ ತೆರಿಗೆ ಜಮೆಯ ಪಟ್ಟಿಯಾದ 26ಎಎಸ್‌ನಲ್ಲಿ ಕಾಣುತ್ತದೆ, ಬಡ್ಡಿಯನ್ನು ತೋರಿಸಬೇಕಾದವರು ಮಾತ್ರ ಮಗುವನ್ನು ಸಾಕುತ್ತಿರುವ ಅಮ್ಮ. ಅವರು ತೆರಿಗೆ ಕಟ್ಟುತ್ತಾರೆ, ಹಿಡಿದ ಹಣದ ಲಾಭ ಸಿಗುವುದಿಲ್ಲ. ಬ್ಯಾಂಕಿಗೆ ಹೋಗಿ ಗಾರ್ಡಿಯನ್ ಹೆಸರು ಬದಲಿಸಿ. ಅಲ್ಲಿಯವರೆಗೆ, ಟಿಡಿಎಸ್ ಯಾರ ಪ್ಯಾನ್‌ಗೆ ಸೇರಬೇಕೆಂಬ ಘೋಷಣೆಯನ್ನು 37ಬಿಎ ನಿಯಮದಡಿ ಅಪ್ಪ ಬ್ಯಾಂಕಿಗೆ ಬರೆದುಕೊಡಬೇಕು.

ಇಲ್ಲಿ ಹೇಳಿದ ಕಲಂ, ನಿಯಮಗಳ ಸಂಖ್ಯೆಗಳು 1961ರ ಕಾಯ್ದೆಯ ಕಾಲದವು. 2026ರ ಏಪ್ರಿಲ್ 1ರಿಂದ ಅದರ ಜಾಗಕ್ಕೆ 2025ರ ಹೊಸ ಆದಾಯ ತೆರಿಗೆ ಕಾಯ್ದೆ, ಅದರಲ್ಲಿ ಕಲಂ ಸಂಖ್ಯೆಗಳು ಬೇರೆ, ಅದನ್ನು ಗಮನದಲ್ಲಿಟ್ಟುಕೊಳ್ಳಿ.

ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲಿ ಮೊದಲ ಅರ್ಜಿಗೂ ಎರಡನೆಯದಕ್ಕೂ ನಡುವೆ ಸಾಮಾನ್ಯವಾಗಿ 6 ತಿಂಗಳ ಅಂತರ ಇರುತ್ತದೆ. ರಾಜಿ ಷರತ್ತಿನ ಕರಡನ್ನು ಆ ಅವಧಿಯಲ್ಲಿ ತೆರಿಗೆ ನೋಡುವವರಿಗೂ ಒಮ್ಮೆ ತೋರಿಸಿ. ಫೀ ಯಾರ ಖಾತೆಯಿಂದ ಹೋಗಬೇಕು, ವಿಮೆ ಯಾರದು, ಮಗುವನ್ನು ಸಾಕುವವರೆಂದು ಯಾರನ್ನು ನಮೂದಿಸಬೇಕು, ಎಫ್‌ಡಿಗೆ ಗಾರ್ಡಿಯನ್ ಯಾರು ಎಂಬುದನ್ನು ವಕೀಲರಿಗೆ ಹೇಳಿ ಅದರಲ್ಲೇ ಬರೆಸಿ.