ರಿಪೋರ್ಟ್ ನಾರ್ಮಲ್, ಆದರೂ ಏಳೋಕಾಗಲ್ಲ

ಪ್ಲಾಸ್ಟಿಕ್ ಕವರ್‌ನಿಂದ ರಿಪೋರ್ಟುಗಳನ್ನು ಒಂದೊಂದಾಗಿ ತೆಗೆದು ಆಕೆ ಮೇಜಿನ ಮೇಲಿಟ್ಟರು. ಹಿಮೋಗ್ಲೋಬಿನ್, ಥೈರಾಯ್ಡ್, ಶುಗರ್, ಬಿ12. ಎಲ್ಲ ನಾರ್ಮಲ್. ಎಂಟು ತಿಂಗಳ ಹಿಂದೆ ಬಂದ ಜ್ವರ ವಾರದಲ್ಲಿ ಬಿಟ್ಟಿತ್ತು, ಸುಸ್ತು ಬಿಟ್ಟಿರಲಿಲ್ಲ. ಮೊದಲು ನೋಡಿದ ವೈದ್ಯರು ‘ಟೆನ್ಷನ್ ಅಷ್ಟೇ, ದಿನಾ ವಾಕಿಂಗ್ ಮಾಡಿ’ ಎಂದಿದ್ದರಂತೆ.

‘ಜಾಸ್ತಿ ಕೆಲಸ ಮಾಡಿದರೆ ಮಾರನೇ ದಿನ ಹೇಗಿರುತ್ತೆ?’ ಎಂದು ಕೇಳಿದೆ.

‘ಭಾನುವಾರ ಬೆಡ್‌ಶೀಟ್ ಒಗೆದ್ರೆ ಬುಧವಾರದವರೆಗೂ ಏಳೋಕಾಗಲ್ಲ ಡಾಕ್ಟ್ರೇ. ಗಂಟಲು ನೋವು ಬೇರೆ. ಕುಕ್ಕರ್ ಎಷ್ಟು ಸಲ ಕೂಗ್ತು ಅನ್ನೋದೂ ತಲೇಲಿ ನಿಲ್ಲಲ್ಲ.’

ಕ್ರಾನಿಕ್ ಫಟೀಗ್ ಸಿಂಡ್ರೋಮ್, ಅಂದರೆ ತಿಂಗಳುಗಟ್ಟಲೆ ಬಿಡದ ಸುಸ್ತಿನ ಕಾಯಿಲೆ, ಗುರುತಿಸಲು ರಕ್ತಪರೀಕ್ಷೆ ಇಲ್ಲ. ಇಂಥ ಉತ್ತರವೇ ನಮಗೆ ದಾರಿ. ಮಾಮೂಲಿ ಸುಸ್ತು ಮಲಗಿದರೆ ಇಳಿಯುತ್ತದೆ. ಇದು ಎಷ್ಟೋ ಸಲ ಒಂದು ದಿನ ಬಿಟ್ಟು ಬಂದು ನೆಲಕ್ಕೆ ಕೆಡವುತ್ತದೆ. ಕ್ಲಿನಿಕ್ಕಿಗೆ ಬಂದಾಗ ರೋಗಿ ಚೆನ್ನಾಗೇ ಕಾಣುತ್ತಾರೆ. ಹಾಸಿಗೆ ಹಿಡಿಯುವುದು ಮನೆಗೆ ಹೋದಮೇಲೆ. ನಾವು ಅದನ್ನು ನೋಡುವುದೇ ಇಲ್ಲ, ಅಲ್ವಾ?

2015ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್, ಇದೇ ಕಾಯಿಲೆ ಎನ್ನಲು ಮೂರು ಲಕ್ಷಣ ಇರಲೇಬೇಕು ಎಂದಿತು: 6 ತಿಂಗಳಾದರೂ ಬಿಡದೆ ಮೊದಲಿನ ಕೆಲಸಗಳನ್ನು ನಿಲ್ಲಿಸಿಬಿಡುವ ಸುಸ್ತು, ಶ್ರಮದ ನಂತರ ಹದಗೆಡುವುದು, ನಿದ್ದೆ ಮಾಡಿದರೂ ಹಗುರಾಗದಿರುವುದು. ಜೊತೆಗೆ ತಲೆ ಮಂಕಾಗಬೇಕು, ಇಲ್ಲವೇ ನಿಂತಾಗ ತೊಂದರೆಯಾಗಬೇಕು.

ಗೊಂದಲ ಹಳೆಯದು. 1955ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯ ಸಿಬ್ಬಂದಿ ಸಾಲಾಗಿ ಇಂಥದೇ ಕಾಯಿಲೆ ಬಿದ್ದರು. 1970ರಲ್ಲಿ ಇಬ್ಬರು ಮನೋವೈದ್ಯರು ಹಳೆಯ ಕೇಸ್ ಶೀಟುಗಳನ್ನು ಓದಿ ಅದನ್ನು ಹಿಸ್ಟೀರಿಯಾ ಎಂದರು. 1988ರಲ್ಲಿ ಈಗಿನ ಹೆಸರು ಬಂತು. ‘ಸುಸ್ತು ಯಾರಿಗಿಲ್ಲ?’ ಎನ್ನುವುದಕ್ಕೆ ಆ ಹೆಸರೇ ದಾರಿ ಮಾಡಿತು ಅಂತ ನನಗನ್ನಿಸುತ್ತದೆ.

ಹಾಗಂತ ಸುಮ್ನೆ ಈ ಹೆಸರು ಹಚ್ಚುವಂತಿಲ್ಲ. ತನಗೆ ಇದೇ ಕಾಯಿಲೆ ಎಂದು ಬಂದ ಒಬ್ಬರಿಗೆ ಇದ್ದದ್ದು ಗೊರಕೆ, ನಿದ್ದೆಯಲ್ಲಿ ಉಸಿರು ನಿಲ್ಲುವ ತೊಂದರೆ. ರಕ್ತಹೀನತೆ, ಟಿಬಿ ಕೂಡ ಹೀಗೇ ಸುಸ್ತಾಗಿಸುತ್ತವೆ. ಖಿನ್ನತೆಯಲ್ಲಿ ಏನನ್ನೂ ಮಾಡಲು ಮನಸ್ಸೇ ಬರುವುದಿಲ್ಲ. ಈ ಕಾಯಿಲೆಯವರಿಗೆ ಮನಸ್ಸಿದೆ, ಮೈ ಕೇಳುವುದಿಲ್ಲ. ಖಿನ್ನತೆಗೆ ವ್ಯಾಯಾಮ ಒಳ್ಳೆಯದು. ಇವರಿಗೆ ದಿನದಿನಕ್ಕೆ ಹೆಚ್ಚಿಸುತ್ತಾ ಹೋಗುವ ವ್ಯಾಯಾಮ ಬೇಡ ಎಂದು ಚಿಕಿತ್ಸೆಗೆ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2021ರಲ್ಲಿ ಹೇಳಿತು.

ನಿಂತಾಗ ತೊಂದರೆ ಆಗುತ್ತದೆಯೇ ಎಂದು ನೋಡಲು ಆಕೆಯನ್ನು ಹತ್ತು ನಿಮಿಷ ಮಲಗಿಸಿ, ಆಮೇಲೆ ಗೋಡೆಗೆ ಒರಗಿಸಿ ನಿಲ್ಲಿಸಿದೆ. ಮಲಗಿದ್ದಾಗ ನಾಡಿ 76. ಆರನೇ ನಿಮಿಷಕ್ಕೆ 112. ಪಾದ ಕೆಂಪಾಯಿತು, ‘ಕಣ್ಣು ಕತ್ತಲೆ ಬರ್ತಿದೆ’ ಎಂದರು. ಜೊತೆಗೆ ಬಂದಿದ್ದ ಗಂಡ ಎದ್ದು ಬಂದು ತೋಳು ಹಿಡಿದುಕೊಂಡರು. ಪೂರ್ತಿ ವಾಸಿ ಮಾಡುವ ಔಷಧಿ ಇಲ್ಲ ಎಂದೂ ಅವರಿಗೆ ಹೇಳಬೇಕಾಯಿತು. ಎರಡು ವಾರ ದಿನಾ ಏನು ಮಾಡಿದಿರಿ, ಮಾರನೇ ದಿನ ಹೇಗಿದ್ದಿರಿ, ಬರೆದು ತನ್ನಿ ಎಂದೆ. ಬೆಡ್‌ಶೀಟ್ ನಾನೇ ಒಗೀತೀನಿ ಎಂದರು ಗಂಡ.