ಹಳೆಯ ಜೀಪಿಗೆ ಹತ್ತು ಕೈ

ಹಳೆಯ ಜೀಪು ಕೊಂಡವರು ಮಂಗಳೂರಿನ ಯೆಯ್ಯಾಡಿಯ ನಮ್ಮ ಗ್ಯಾರೇಜಿಗೆ ಬಂದು ಮೊದಲು ಎತ್ತುವ ಮಾತು ಬಣ್ಣದ್ದು. ಮಿಲಿಟರಿ ಹಸಿರು ಹೊಡೆಸಬಹುದೇ, ಎಷ್ಟಾಗುತ್ತದೆ, ಯಾವಾಗ ಸಿಗುತ್ತದೆ? ಬಣ್ಣ ಕೊನೆಯ ಕೆಲಸ. ಅದಕ್ಕೆ ಮುಂಚೆ ಲೇತ್‌ನವರು, ತಗಡಿನ ಕೆಲಸದ ಟಿಂಕರ್, ರೇಡಿಯೇಟರ್‌ನವರು, ವೈರಿಂಗ್‌ನವರು, ಹುಡ್ ಹೊಲಿಯುವವರು ಎಲ್ಲರ ಕೈ ಸೇರಬೇಕು. ಎಷ್ಟೇ ನುರಿತ ಮೆಕ್ಯಾನಿಕ್ ಆಗಿರಲಿ, ಇಷ್ಟನ್ನೂ ಒಬ್ಬನೇ ಮಾಡಿ ಮುಗಿಸುತ್ತೇನೆಂದರೆ ನಾನು ನಂಬುವುದಿಲ್ಲ. ಯಾವ ಕೆಲಸಕ್ಕೆ ಯಾರ ಬಳಿ, ಯಾವ ತಿಂಗಳಲ್ಲಿ, ಏನನ್ನು ಹಿಡಿದುಕೊಂಡು ಹೋಗಬೇಕು ಎಂಬುದು ಗೊತ್ತಿದ್ದರೆ ಅರ್ಧ ಕೆಲಸ ಆದಂತೆಯೇ.

ಮೊದಲು ನಿಮ್ಮ ಜೀಪು ಯಾವುದೆಂದು ಖಚಿತವಾಗಲಿ. ಮಹೀಂದ್ರಾದವರು ಅಮೆರಿಕದ ವಿಲ್ಲಿಸ್ ಜೀಪುಗಳನ್ನು ಇಲ್ಲಿ ಜೋಡಿಸತೊಡಗಿದ್ದು 1940ರ ದಶಕದ ಕೊನೆಯಲ್ಲಿ. ನನ್ನ ಬಳಿಗೆ ಅಡಿಕೆ, ರಬ್ಬರ್ ತೋಟಗಳಿಂದ ಹೆಚ್ಚಾಗಿ ಬರುವುದು ಎತ್ತರದ ಬಾನೆಟ್ಟಿನ ಸಿಜೆ-3ಬಿ ಮಾದರಿ. ಆ ಎತ್ತರಕ್ಕೆ ಕಾರಣ ಒಳಗಿದ್ದ ಹರಿಕೇನ್ ಎಂಜಿನ್. ಅದರ ಇನ್‌ಲೆಟ್ ವಾಲ್ವ್ ಹೆಡ್ಡಿನಲ್ಲಿ, ಎಕ್ಸಾಸ್ಟ್ ವಾಲ್ವ್ ಬ್ಲಾಕಿನಲ್ಲಿ. ಹಾಗಾಗಿ ಎಂಜಿನ್ ಮೊದಲಿನದಕ್ಕಿಂತ ಎತ್ತರವಾಯಿತು, ಬಾನೆಟ್ಟನ್ನೂ ಏರಿಸಬೇಕಾಯಿತು. ಈಗ ಬಾನೆಟ್ ತೆರೆದರೆ ಬಹಳಷ್ಟು ಜೀಪುಗಳಲ್ಲಿ ಆ ಪೆಟ್ರೋಲ್ ಎಂಜಿನ್ ಇರುವುದಿಲ್ಲ. ಇಂಧನದ ಖರ್ಚಿಗೆ ಹೆದರಿ ಯಾವುದೋ ಕಾಲದಲ್ಲಿ ಡೀಸೆಲ್ ಎಂಜಿನ್ ಕೂರಿಸಿರುತ್ತಾರೆ.

ಇದು ಕಾಗದಪತ್ರದ ವಿಷಯವೂ ಹೌದು. 2021ರ ಜುಲೈಯಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಬಂದ ತಿದ್ದುಪಡಿಯ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆಯಾಗದ ವಾಹನ ಮಾತ್ರ ವಿಂಟೇಜ್ ಎನಿಸಿಕೊಳ್ಳುತ್ತದೆ. ಅದರ ನಂಬರಿನಲ್ಲಿ ‘ವಿಎ’ ಅಕ್ಷರಗಳು ಬರುತ್ತವೆ. ಹೊಸ ನೋಂದಣಿಯ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಆದರೆ ಅಂಥ ವಾಹನವನ್ನು ದಿನನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ. ವಾರ ವಾರ ತೋಟಕ್ಕೆ ಹೋಗಿಬರಲು ಜೀಪು ಬೇಕೆನ್ನುವವರಿಗೆ ಈಗಿರುವ ಕೆಎ-19, ಕೆಎ-20 ನಂಬರನ್ನೇ ನವೀಕರಿಸಿಕೊಳ್ಳಿ ಎನ್ನುತ್ತೇನೆ. ಎರಡರಲ್ಲಿ ಯಾವುದೇ ಆಗಲಿ, ಎಂಜಿನ್ ಮತ್ತು ಚಾಸಿ ನಂಬರು ಆರ್‌ಸಿಯೊಂದಿಗೆ ತಾಳೆಯಾಗುವುದನ್ನು ನೋಡದೆ ಒಂದು ಬೋಲ್ಟನ್ನೂ ಬಿಚ್ಚಬೇಡಿ.

ಇನ್ನು ತುಕ್ಕು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ, ಗಾಳಿಯಲ್ಲೇ ಉಪ್ಪಿರುವ ಊರು ನಮ್ಮದು. ಹೊರಗಿನಿಂದ ನುಣುಪಾಗಿ ಕಾಣುವ ಬಾಡಿಯನ್ನು ನಂಬಬೇಡಿ. ನೆಲದ ತಗಡಿನ ಅಡಿಯಲ್ಲಿ ಟೋಪಿಯಾಕಾರದ ಅಡ್ಡಪಟ್ಟಿಗಳಿವೆ. ಅವುಗಳ ಒಳಗೆ ಹೊಕ್ಕ ನೀರು ಬೇಗ ಆರುವುದಿಲ್ಲ. ಚಾಲಕನ ಸೀಟಿನ ಕೆಳಗೆ ಪೆಟ್ರೋಲ್ ಟ್ಯಾಂಕ್ ಕೂರುವ ಗುಂಡಿಯೂ ಅಂಥದೇ ಜಾಗ. ಸಣ್ಣ ಸುತ್ತಿಗೆಯಿಂದ ಗೇಣಿಗೊಂದು ಕಡೆ ತಟ್ಟುತ್ತಾ ಬನ್ನಿ. ಗಟ್ಟಿ ತಗಡು ಖಣ್ ಎನ್ನುತ್ತದೆ. ಪುಟ್ಟಿ ಮೆತ್ತಿದ ಕಡೆ, ಒಳಗೆ ತಿಂದುಹೋದ ಕಡೆ ಸದ್ದು ಮಂದವಾಗುತ್ತದೆ; ಅಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ.

ಈ ಕೆಲಸಕ್ಕೆ ನಾನು ಕರೆಯುವುದು ಬಸ್ಸಿನ ಬಾಡಿ ಕಟ್ಟಿ ಪಳಗಿದ ಟಿಂಕರ್‌ಗಳನ್ನು. ಖಾಸಗಿ ಬಸ್ಸುಗಳ ಈ ಜಿಲ್ಲೆಗಳಲ್ಲಿ ಅಂಥವರಿಗೆ ಬರವಿಲ್ಲ. ಕಾರಿನ ಡೆಂಟ್ ತೆಗೆಯುವವರು ಪುಟ್ಟಿಯಿಂದ ನುಣುಪು ಮಾಡುತ್ತಾರೆ. ಬಸ್ಸಿನವರು ಕೊಳೆತದ್ದನ್ನು ಕತ್ತರಿಸಿ ಹೊಸ ತಗಡು ಬೆಸೆಯುತ್ತಾರೆ. ಜೀಪಿಗೆ ಬೇಕಾದದ್ದು ಎರಡನೆಯದು. ಅವರಿಗೆ ಎರಡು ವಿಷಯ ಮೊದಲೇ ಹೇಳಿ. ಒಂದು, ತಗಡು 18 ಗೇಜಿನದೇ, ಅಂದರೆ ಸುಮಾರು 1.2 ಮಿಲಿಮೀಟರ್ ದಪ್ಪದ್ದೇ ಇರಲಿ. ಇನ್ನೊಂದು, ನೆಲವನ್ನು ಕತ್ತರಿಸುವ ಮೊದಲು ಬಾಡಿ ಚಾಸಿಯ ಮೇಲೆಯೇ ಬಿಗಿದಿರಲಿ, ಎರಡೂ ಬಾಗಿಲಿನ ಜಾಗಕ್ಕೆ ಅಡ್ಡಲಾಗಿ ಕಬ್ಬಿಣದ ಆ್ಯಂಗಲ್ ಬೆಸೆದಿರಲಿ. ಆಧಾರವಿಲ್ಲದೆ ನೆಲ ಕಿತ್ತರೆ ಬಾಡಿ ನಡುವಿನಲ್ಲಿ ಬಾಗುತ್ತದೆ, ಆಮೇಲೆ ವಿಂಡ್‌ಶೀಲ್ಡಿನ ಚೌಕಟ್ಟು ಕೂರುವುದೇ ಇಲ್ಲ.

ಲೇತ್ ಕೆಲಸಕ್ಕೆ ನಾನು ಹೋಗುವುದು ಮಲ್ಪೆಗೆ ಅಥವಾ ಇಲ್ಲಿನ ಬಂದರಿಗೆ. ದೋಣಿಗಳ ಪ್ರೊಪೆಲರ್ ಶಾಫ್ಟ್ ಸವೆದಾಗ ಅದನ್ನು ಬೆಸುಗೆಯಿಂದ ತುಂಬಿಸಿ, ಕಡೆದು, ಬುಷ್ ಕೂರಿಸುವುದು ಅವರ ಹೊಟ್ಟೆಪಾಡು. ಆ ಕೈಗಳೇ, ಎಂಜಿನ್ನಿನ ಶಕ್ತಿಯನ್ನು ಹಿಂದಿನ, ಮುಂದಿನ ಚಕ್ರಗಳಿಗೆ ಹಂಚುವ, ಜೀಪಿನ ಟ್ರಾನ್ಸ್‌ಫರ್ ಕೇಸನ್ನು ಉಳಿಸುತ್ತವೆ. ಇದರೊಳಗೆ ಸೂಜಿ ಬೇರಿಂಗ್‌ಗಳ ಮೇಲೆ ಗೇರನ್ನು ಹೊತ್ತ ಒಂದು ನಡು ಶಾಫ್ಟ್ ಇದೆ. ಓಡುವಾಗ ಗೊರಗೊರ ಸದ್ದು ಮಾಡುವ ಹಳೆಯ ಜೀಪುಗಳಲ್ಲಿ ಈ ಶಾಫ್ಟಿನ ಮೈ ಮೇಲೆ ಉದ್ದುದ್ದ ಗೀರು ಬಿದ್ದಿರುತ್ತವೆ, ಅದು ಕೂರುವ ಕೇಸಿನ ತೂತು ಅಂಡಾಕಾರಕ್ಕೆ ತಿರುಗಿರುತ್ತದೆ. ಹೊಸ ಶಾಫ್ಟ್ ಮಾತ್ರ ಹಾಕಿದರೆ ಆ ತೂತಿನಲ್ಲಿ ಅದು ಅಲುಗುತ್ತಲೇ ಇರುತ್ತದೆ, ಎಣ್ಣೆಯೂ ಸೋರುತ್ತದೆ. ಬಂದರಿನ ಹಿರಿಯ ಮೇಸ್ತ್ರಿಯೊಬ್ಬರು ಬಂದವರಿಗೆಲ್ಲ ಹೇಳುವ ಮಾತು ಇದು: “ಕೇಸ್ ಬಿಟ್ಟು ಶಾಫ್ಟ್ ಮಾತ್ರ ತಂದರೆ ಯಾವುದಕ್ಕೆ ಕೂರಿಸುವುದು ಮಾರಾಯ್ರೇ?” ಸವೆದ ಭಾಗದ ಜೊತೆ ಅದು ಕೂರುವ ಜೋಡಿ ಭಾಗವನ್ನೂ ಒಯ್ಯಬೇಕು. ಜೀಪಿನ ಅಳತೆಗಳೆಲ್ಲ ಇಂಚಿನಲ್ಲಿವೆ. ಈ ಶಾಫ್ಟು ಕೂಡ ತಯಾರಾದ ವರ್ಷಕ್ಕೆ ತಕ್ಕಂತೆ ಮುಕ್ಕಾಲು ಇಂಚಿನಿಂದ ಒಂದೂಕಾಲು ಇಂಚಿನವರೆಗೆ ಬೇರೆ ಬೇರೆ ದಪ್ಪದಲ್ಲಿ ಬರುತ್ತದೆ. ಅದನ್ನು ಹತ್ತಿರದ ಮಿಲಿಮೀಟರಿಗೆ ಸರಿಹೊಂದಿಸಿದರೆ ಬೇರಿಂಗ್ ಕೂರುವುದಿಲ್ಲ. ಅಳತೆಯನ್ನು ಕಾಗದದಲ್ಲಿ ಬರೆದು ಭಾಗಕ್ಕೆ ತಂತಿಯಿಂದ ಕಟ್ಟಿಯೇ ಕೊಡಿ.

ಹೋಗುವ ಕಾಲವನ್ನೂ ನೋಡಿಕೊಳ್ಳಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಆಗ ದೋಣಿಗಳೆಲ್ಲ ದುರಸ್ತಿಗೆ ನಿಲ್ಲುತ್ತವೆ, ಲೇತ್ ಅಂಗಡಿಗಳಲ್ಲಿ ಉಸಿರಾಡಲು ಪುರುಸೊತ್ತಿರುವುದಿಲ್ಲ. ಮೀನುಗಾರರ ವರ್ಷದ ದುಡಿಮೆ ಆ ಶಾಫ್ಟುಗಳ ಮೇಲೆ ನಿಂತಿದೆ. ನಮ್ಮ ಹವ್ಯಾಸದ ಜೀಪನ್ನು ಅವರ ಮುಂದೆ ನುಗ್ಗಿಸುವುದು ನನಗೆ ಸರಿ ಕಾಣುವುದಿಲ್ಲ. ಆ ಎರಡು ತಿಂಗಳು ಬಿಚ್ಚುವುದು, ತೊಳೆಯುವುದು, ಬಿಡಿಭಾಗ ಹುಡುಕುವುದು ಇವಕ್ಕಿರಲಿ. ಆಗಸ್ಟ್ ಕಳೆದ ಮೇಲೆ ಹೋದರೆ ಅದೇ ಮೇಸ್ತ್ರಿ ಕೂರಿಸಿ ಮಾತನಾಡಿಸುತ್ತಾರೆ.

ರೇಡಿಯೇಟರ್, ವೈರಿಂಗ್, ಹುಡ್ ಇವಕ್ಕೆ ಹೆಚ್ಚು ಹೇಳಬೇಕಿಲ್ಲ, ಒಳ್ಳೆಯ ಕೆಲಸಗಾರರು ಸಿಗುತ್ತಾರೆ. ಬ್ರೇಕಿನಲ್ಲಿ ಮಾತ್ರ ಹಳೆಯದನ್ನು ಉಳಿಸುವ ಮೋಹ ಬೇಡ. ಪೆಡಲ್ ಒತ್ತಿದಾಗ ಬ್ರೇಕಿನ ಎಣ್ಣೆಯನ್ನು ತಳ್ಳುವ ಮಾಸ್ಟರ್ ಸಿಲಿಂಡರ್ ನೆಲದ ಅಡಿಯಲ್ಲಿ ಕೆಸರಿಗೆ ಮೈಯೊಡ್ಡಿ ಕೂತಿದೆ, ನಾಲ್ಕು ಚಕ್ರಕ್ಕೂ ಒಂದೇ ಎಣ್ಣೆಯ ಸಾಲು. ಎಲ್ಲಿ ಒಡೆದರೂ ಪೆಡಲ್ ಪೂರ್ತಿ ಕೆಳಗೆ ಹೋಗುತ್ತದೆ. ಪೈಪು, ರಬ್ಬರು, ಸಿಲಿಂಡರುಗಳನ್ನು ಹೊಸದಾಗಿಯೇ ಹಾಕಿ.

ಬಣ್ಣ ದೀಪಾವಳಿಯ ನಂತರ. ಮಳೆಗಾಲದ ತೇವದಲ್ಲಿ ಹೊಡೆದರೆ ಬಣ್ಣದ ಮೇಲೆ ಬಿಳಿ ಮಬ್ಬು ಕಟ್ಟುತ್ತದೆ. ಚಾಸಿಗೆ ಮರಳನ್ನು ರಭಸದಿಂದ ಚಿಮ್ಮಿಸಿ ತುಕ್ಕು ಕೀಳುವ ಬ್ಲಾಸ್ಟಿಂಗ್ ಮಾಡಿಸಬಹುದು, ಬಾಡಿಯ ತೆಳು ತಗಡಿಗೆ ಬೇಡ, ಅದು ಸೊಟ್ಟಗಾಗುತ್ತದೆ. ಬ್ಲಾಸ್ಟಿಂಗ್ ಆದ ಕಬ್ಬಿಣವನ್ನು ಒಂದು ರಾತ್ರಿಯೂ ಬರಿಮೈಯಲ್ಲಿ ಬಿಡಬಾರದು. ನಮ್ಮ ಗಾಳಿಗೆ ಬೆಳಗಾಗುವಷ್ಟರಲ್ಲಿ ಕೆಂಪೇರಿರುತ್ತದೆ. ಅದೇ ದಿನ ಎಪಾಕ್ಸಿ ಪ್ರೈಮರ್ ಬೀಳಲಿ. ಬರೀ ರೆಡ್ ಆಕ್ಸೈಡ್ ಪ್ರೈಮರ್ ತೇವವನ್ನು ತಡೆಯುವುದಿಲ್ಲ.

ಓಡಿಸಿ ನೋಡುವ ದಿನ ಹಳೆಯ ಸರ್ವಿಸ್ ಜೀಪಿನ ಚಾಲಕರನ್ನೋ, ಕೊಲ್ಲೂರಿನಿಂದ ಕೊಡಚಾದ್ರಿಗೆ ಜೀಪು ಹತ್ತಿಸಿದವರನ್ನೋ ಕೂರಿಸಿಕೊಳ್ಳಿ. ಟ್ರಾನ್ಸ್‌ಫರ್ ಕೇಸಿಗೆ ಎರಡು ಲಿವರಿರುವ ಜೀಪಿನಲ್ಲಿ ಮುಂದಿನ ಚಕ್ರಕ್ಕೆ ಶಕ್ತಿ ಕೊಡದೆ ಲೋ ಗೇರ್ ಬೀಳುವುದಿಲ್ಲ. ಅದನ್ನು ತಿಳಿಯದೆ ಬಲವಂತ ಮಾಡುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಆ ಹಿರಿಯರು ಸದ್ದು ಕೇಳಿಯೇ ಯಾವ ಬೇರಿಂಗ್ ಎಂದು ಹೇಳಬಲ್ಲರು. ತಿರುಗಿ ಬಂದ ಮೇಲೆ ಎಂಜಿನ್ ತಣಿಯಲಿ, ಆಮೇಲೆ ಗೇರ್‌ಬಾಕ್ಸ್ ಮತ್ತು ಟ್ರಾನ್ಸ್‌ಫರ್ ಕೇಸಿನ ಎಣ್ಣೆಯ ಮಟ್ಟ ನೋಡಿ. ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಏರಿದ್ದರೆ ನಡುವೆ ಎಣ್ಣೆ ದಾಟುತ್ತಿದೆ ಎಂದರ್ಥ. ಮೇಲಿಂದ ಎಣ್ಣೆ ಹೊಯ್ದು ಸರಿದೂಗಿಸದೆ ಎರಡನ್ನೂ ಇಳಿಸಿ, ನಡುವಿನ ಸೀಲನ್ನು ಬದಲಿಸಬೇಕು.